ಇವತ್ತಿನ ಅಕ್ಕಿ ಇವತ್ತಿಗೆ

ಕುರುಗೋಡು,
ಯುಗಾದಿಗೆ ಮುಂಚಿನ ಭಾನುವಾರ

ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಕಾಗದ ಬರೆಯುತ್ತಿರಬೇಕು. ಕಾಗದ ಶುರು ಮಾಡುವ ಈ ರೀತಿಯನ್ನು ನಮಗೆ ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಅವತ್ತಿನಿಂದ ಈ ಸಾಲು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಉತ್ತರ ಬರಲೇಬೇಕು ಅಂತ ಒಂದು ಸಲವೂ ಬರೆದಿರಲಿಲ್ಲ. ಈ ಸಲ ಬೇಕು.

ತೇರಿಗೆ ಬಂದಿದ್ದೆಯಲ್ಲ, ಅವತ್ತಿನಿಂದ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ. ದೊಡ್ಡಬಸವೇಶ್ವರನ ತೇರು ಹೊರಟ ಹೊತ್ತಿನಲ್ಲಿ ಊರಿಗೆ ಊರೇ ಬಾಳೆಹಣ್ಣು, ಉತ್ತತ್ತಿ ಎಸೆಯುತ್ತಿದ್ದರೆ ನೀನು ಯಾರದೋ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಫೋಟೊ ವಿಂಗಡಿಸುತ್ತಿದ್ದೆ. “ಏನೇ ಅದು?” ಅಂದೆ. “ಜಿಯೋ ಟ್ಯಾಗ್ ಇಲ್ಲದ ಫೋಟೊ ಡೋನರ್ ಒಪ್ಪಲ್ಲ ದೊಡ್ಡವ್ವ, ಸಂಜೆಯೊಳಗೆ ಕಳಿಸಬೇಕು” ಅಂದೆ. ಅದಕ್ಕೆ ನನಗೆ ಬೇಸರವಿಲ್ಲ, ತೇರು ಮುಂದಿನ ವರ್ಷವೂ ಬರುತ್ತದೆ. ರಾತ್ರಿ ಊಟಕ್ಕೆ ಕೂತಾಗ ನಿನ್ನಮ್ಮ ನಮ್ಮ ಓಣಿಯ ಒಂದು ಹುಡುಗಿಯ ಮದುವೆ ಮಾತು ಎತ್ತಿದಳು. ಇನ್ನೂ ಹದಿನಾರು ತುಂಬಿಲ್ಲ ಅಂದಳು. ವರ್ಷದ ಹಿಂದೆ ಆಗಿದ್ದರೆ ನೀನು ರೊಟ್ಟಿ ಬಿಟ್ಟು ಎದ್ದಿರುತ್ತಿದ್ದೆ. ಅವತ್ತು “ಎಲ್ಲಾ ಊರಲ್ಲೂ ಇದೇ ಕಥೆ, ಏನು ಮಾಡಿದರೂ ಅಷ್ಟೇ” ಅಂದು ಇನ್ನೊಂದು ಸೌಟು ಪಲ್ಯ ಹಾಕಿಸಿಕೊಂಡೆ. ನನ್ನ ಎದೆ ಧಸಕ್ಕೆಂದಿತು. ಆ ಮಾತು ನನಗೆ ಹೊಸದಲ್ಲ ಮಗಳೇ. ಒಂದು ಕಾಲದಲ್ಲಿ ನಾನೇ ಆಡಿದ್ದು.

ಮೊದಲೇ ಹೇಳಿಬಿಡುತ್ತೇನೆ: ಆ ಹುಡುಗಿಯ ವಿಷಯ ಅಂಗನವಾಡಿ ಟೀಚರ್‌ಗೆ ಹೇಳಿದ್ದೇನೆ, ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿದ್ದೇನೆ. ಅಧಿಕಾರಿಗಳು ಬಂದು ಹೋದರು. ಅದು ನಿನ್ನ ತಲೆಯ ಮೇಲಿಲ್ಲ. ಈಗ ನಿರಾಳವಾಗಿ ಓದು.

ನಾನು ಆರೋಗ್ಯ ಇಲಾಖೆಗೆ ಸೇರಿ ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳಲ್ಲಿ ‘ಸಿಸ್ಟರಮ್ಮ’ ಅನ್ನಿಸಿಕೊಂಡು ಓಡಾಡುತ್ತಿದ್ದ ಕಾಲಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಡಾಕ್ಟರುಗಳು ನಮ್ಮ ಜಿಲ್ಲೆಗೆ ಬಂದರು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಅವರು ಒಂದು ಪ್ರಯೋಗ ನಡೆಸಿದರು. ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ನಮ್ಮಂಥ ನರ್ಸಮ್ಮಂದಿರಿಗೂ ತರಬೇತಿ ಕೊಟ್ಟು, ಮುಖ್ಯವಾದ ನಾಲ್ಕಾರು ಮಾತ್ರೆಗಳನ್ನು ಅಲ್ಲೇ ಇಟ್ಟರೆ, ಊರಿನ ಹತ್ತಿರವೇ ನೋಡಿಕೊಳ್ಳಬಹುದು ಎಂಬುದು ಅವರ ನಂಬಿಕೆ. ಅದು ನಿಜವಾಯಿತು. ದೇಶದ ಪುಸ್ತಕಗಳಲ್ಲಿ ಅದಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದ್ದು ಇದೇ ಮಾದರಿಯನ್ನು ಮುಂದಿಟ್ಟುಕೊಂಡು. ಗಣಿ, ಧೂಳು, ಬಿಸಿಲು ಅಂತ ಮಾತ್ರ ಸುದ್ದಿಯಾಗುವ ನಮ್ಮ ಬಳ್ಳಾರಿ ಇಡೀ ದೇಶಕ್ಕೆ ಇಂಥ ಪಾಠವನ್ನೂ ಹೇಳಿಕೊಟ್ಟಿದೆ ಅಂತ ನಿನ್ನ ಆಫೀಸಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ನಾವು ಮನೆಮನೆಗೆ ಹೋಗಿ ಕೇಳುತ್ತಿದ್ದ ಪ್ರಶ್ನೆಗಳು ತೀರಾ ಸಾದಾ. ನಿದ್ದೆ ಬರ್ತದಾ? ಊಟ ಸೇರ್ತದಾ? ಮೊದಲಿನ ಹಂಗೆ ಜನರ ಜೊತೆ ಮಾತಾಡ್ತೀಯಾ? ಸುಮ್ಮಸುಮ್ಮನೆ ಸಿಟ್ಟು ಬರ್ತದಾ, ಅಳು ಬರ್ತದಾ? ಎಷ್ಟೋ ಮನೆಗಳಲ್ಲಿ ಆ ಪ್ರಶ್ನೆ ಕೇಳಿದವರು ನಾವೇ ಮೊದಲು. ಆದರೆ ಅವೇ ಪ್ರಶ್ನೆಗಳನ್ನು ನಮಗೆ ಯಾರೂ ಕೇಳಲಿಲ್ಲ. ನಾವೂ ಒಬ್ಬರನ್ನೊಬ್ಬರು ಕೇಳಿಕೊಳ್ಳಲಿಲ್ಲ.

ಮುಂದೆ ನಾನು ಸರ್ಕಾರಿ ಕೆಲಸ ಬಿಟ್ಟು ಒಂದು ಸಂಸ್ಥೆ ಸೇರಿದ ಕಥೆ ನಿನಗೆ ಗೊತ್ತು. ನಿನ್ನ ಅಜ್ಜ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ಕೆಲಸ ನನಗೆ ಪ್ರಾಣವಾಗಿತ್ತು. ಬೆಳಗಿನ ಬಸ್ಸಿಗೆ ಹೋದರೆ ರಾತ್ರಿ ಬಸ್ಸಿಗೆ ಬರುವುದು. ಕಾಲುವೆ ನೀರು ತಲುಪದ ಊರುಗಳು, ಗುಳೆ ಹೋಗುವ ಕುಟುಂಬಗಳು, ಶಾಲೆ ಬಿಟ್ಟ ಮಕ್ಕಳು. ನಾಲ್ಕು ವರ್ಷ ಹೀಗೇ ಆಯಿತು. ಐದನೇ ವರ್ಷದ ಏಪ್ರಿಲ್ ತಿಂಗಳಲ್ಲಿ ಒಂದು ಊರಿನ ಒಬ್ಬಾಕೆ, ಗಂಡ ಬೆಂಗಳೂರಿಗೆ ದುಡಿಯಲು ಹೋಗಿ ಎಂಟು ತಿಂಗಳಾದರೂ ಸುದ್ದಿಯಿಲ್ಲ ಅಂತ ನನ್ನ ಮುಂದೆ ಕೂತು ಅತ್ತಳು. ಅವಳು ಅಳುತ್ತಿದ್ದಾಗ ನಾನು ಫಾರ್ಮಿನ ಮುಂದಿನ ಕಾಲಮ್ಮಿಗೆ ಪೆನ್ನು ಇಟ್ಟುಕೊಂಡು, ಇವಳ ಅಳು ಯಾವಾಗ ಮುಗಿದೀತು ಅಂತ ಕಾಯುತ್ತಿದ್ದೆ. ನನಗೆ ಒಂಚೂರೂ ಮರುಕ ಹುಟ್ಟಲಿಲ್ಲ. ವಾಪಸು ಬರುವಾಗ ತೆಕ್ಕಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಕೂತು, ನಾನು ಕೆಟ್ಟ ಹೆಂಗಸಾಗಿಬಿಟ್ಟೆ ಅಂದುಕೊಂಡೆ. ಸುಸ್ತಾಗಿದ್ದೇನೆ ಅಂತ ಹೊಳೆಯಲೇ ಇಲ್ಲ.

ನನ್ನನ್ನು ಉಳಿಸಿದ್ದು ನನಗಿಂತ ಹತ್ತು ವರ್ಷ ದೊಡ್ಡವಳಾದ ಒಬ್ಬ ಸಹೋದ್ಯೋಗಿ. ಹೆಬ್ಬೆಟ್ಟು ಒತ್ತುತ್ತಿದ್ದವಳು ರಾತ್ರಿಶಾಲೆಯಲ್ಲಿ ಓದು ಕಲಿತವಳು. ಅವಳು ನನಗೆ ‘ರೆಸ್ಟ್ ತಗೋ’ ಅನ್ನಲಿಲ್ಲ. ಅದನ್ನು ಎಲ್ಲರೂ ಅನ್ನುತ್ತಾರೆ. ಒಂದು ದಿನ ಬೆಳಿಗ್ಗೆ ನನ್ನ ಬಾಡಿಗೆ ಮನೆಗೆ ಬಂದು, ಗೂಟಕ್ಕೆ ನೇತುಹಾಕಿದ್ದ ನನ್ನ ಚೀಲ ತೆಗೆದುಕೊಂಡು, ಅದರೊಳಗಿನ ಮೂರು ರಿಜಿಸ್ಟರ್ ತನ್ನ ಚೀಲಕ್ಕೆ ಹಾಕಿಕೊಂಡಳು. “ನಿನ್ನ ಊರು ಹನ್ನೆರಡು ದಿನ ನನ್ನವು. ಊರಿಗೆ ಹೋಗಿ ಮಲಕ್ಕೋ, ನಿಮ್ಮವ್ವ ಮಾಡಿದ್ದು ಉಣ್ಣು” ಅಂದು ಬಸ್ಸಿಗೆ ಹೊರಟೇಬಿಟ್ಟಳು. ಅದಕ್ಕೂ ಮುಂಚೆ ಎಷ್ಟೋ ಸಲ ರಜೆ ಹಾಕಿದ್ದೆ. ಒಂದು ಸಲವೂ ದಣಿವು ಆರಿರಲಿಲ್ಲ. ರಿಜಿಸ್ಟರ್ ನನ್ನ ಜೊತೆಯೇ ಊರಿಗೆ ಬರುತ್ತಿತ್ತು. ಅದು ಇನ್ನೊಬ್ಬರ ಚೀಲಕ್ಕೆ ಹೋದ ದಿನ ಮಧ್ಯಾಹ್ನ ಮಲಗಿದವಳು ಮಾರನೇ ದಿನ ಬೆಳಿಗ್ಗೆ ಎದ್ದೆ.

ಈಗಿನ ರಿಜಿಸ್ಟರ್ ನಿನ್ನ ಫೋನಿನಲ್ಲೇ ಇದೆ. ಅದನ್ನು ಯಾರ ಚೀಲಕ್ಕೆ ಹಾಕುವುದು ಅನ್ನುವುದೇ ಪ್ರಶ್ನೆ.

ನಿನಗೆ ಒಳಗೊಳಗೆ ಏನನ್ನಿಸುತ್ತದೆ ಅಂತ ಬಲ್ಲೆ. ಆ ಜನ ಅಷ್ಟು ಕಷ್ಟದಲ್ಲಿರುವಾಗ ನಾನು ಭಾನುವಾರ ಮಲಗುವುದು ಸರಿಯೇ ಅಂತ. ಅದಕ್ಕೆ ನಮ್ಮ ಸೀಮೆಯ ಒಬ್ಬ ಹೆಣ್ಣುಮಗಳು ಎಂಟುನೂರು ವರ್ಷದ ಹಿಂದೆಯೇ ಉತ್ತರ ಕೊಟ್ಟಿದ್ದಾಳೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ನಿನಗೆ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಬೇಯಿಸಿ, ಜಂಗಮರಿಗೆ ಬಡಿಸಿ ತಾವು ಉಣ್ಣುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿಗೆ ಬಂದದ್ದನ್ನು ತಂದ ಜಾಗದಲ್ಲೇ ಹಾಕಿ ಬಾ ಅಂತ ಗಂಡನನ್ನು ತಿರುಗಿ ಕಳಿಸಿದಳು.

ಭಾಷಣಗಳಲ್ಲಿ ಈ ಕಥೆಯನ್ನು ಹಣದಾಸೆ ಬೇಡ ಅನ್ನಲು ಹೇಳುತ್ತಾರೆ. ನಾನು ಅದರಲ್ಲಿ ಇನ್ನೊಂದನ್ನು ಕಂಡೆ. ಮಾರಯ್ಯ ಆ ಅಕ್ಕಿ ತಂದದ್ದು ತನ್ನ ಹೊಟ್ಟೆಗಲ್ಲ, ದಾಸೋಹಕ್ಕೆ. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಅಂದರೆ ಪರರಿಗಾಗಿ ಮಾಡುವ ಕೆಲಸದಲ್ಲೂ ಒಂದು ದಿನಕ್ಕೆ ಇಷ್ಟು ಅಂತ ಅಳತೆ ಇದೆ, ಅದನ್ನು ಮೀರಿದರೆ ಅದೂ ಆಸೆಯೇ. ಇನ್ನೆರಡು ಮನೆ ಮುಗಿಸಿಬಿಡೋಣ, ಇನ್ನೊಂದು ಮದುವೆ ನಾನೇ ನಿಲ್ಲಿಸಬೇಕು, ನಾನಿಲ್ಲದಿದ್ದರೆ ಆ ಊರು ಹಾಳಾದೀತು ಅನ್ನುವುದರಲ್ಲಿ ಸೇವೆ ಎಷ್ಟು, ‘ನಾನು’ ಎಷ್ಟು ಅಂತ ನಾನು ಕೇಳಿಕೊಂಡದ್ದು ಆ ಹನ್ನೆರಡು ದಿನಗಳಲ್ಲಿ. ನನ್ನ ಊರುಗಳು ಹಾಳಾಗಿರಲಿಲ್ಲ. ಒಂದೆರಡು ಕಡೆ ನನಗಿಂತ ಚೆನ್ನಾಗಿ ನಡೆದಿದ್ದವು. ಸ್ವಲ್ಪ ಅವಮಾನವೂ ಆಯಿತು, ಸುಳ್ಳು ಹೇಳುವುದಿಲ್ಲ.

ನೀವು ಈ ದಣಿವಿಗೆ ‘ಬರ್ನ್ಔಟ್’ ಅನ್ನುತ್ತೀರಿ. ನಾವು ‘ಸಾಕಾಗಿದೆ’ ಅಂತಿದ್ದೆವು. ಆ ಇಂಗ್ಲಿಷ್ ಪದಕ್ಕೆ ಈಗಿನ ಅರ್ಥ ಬಂದದ್ದು ನಮ್ಮಂಥವರ ನಡುವೆಯೇ ಅಂತ ಆಮೇಲೆ ಓದಿ ತಿಳಿದೆ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಹಗಲು ತಮ್ಮ ಕೆಲಸ ಮುಗಿಸಿ ರಾತ್ರಿ ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದರು. ಅಲ್ಲಿಗೆ ಉತ್ಸಾಹದಿಂದ ಬಂದ ಸ್ವಯಂಸೇವಕರು ಬರಬರುತ್ತಾ ಬತ್ತಿಹೋಗುವುದನ್ನು ಕಂಡರು, ತಾವೂ ಬತ್ತಿದರು. 1974ರಲ್ಲಿ ಅದನ್ನು ಬರೆದರು. ಹೆಚ್ಚು ಸಂಬಳದ ಕಂಪನಿಯವರ ಕಾಯಿಲೆ ಅಂತ ನಗಬೇಡ, ಅದನ್ನು ಮೊದಲು ಗುರುತಿಸಿದ್ದು ಬಿಟ್ಟಿ ದವಾಖಾನೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಗುರುತು ಹೇಳಿತು: ಮೈಮನಸ್ಸಿನ ಶಕ್ತಿ ಸೋರಿಹೋಗುವುದು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿದು ಕಹಿಯಾಗುವುದು, ಕೈಲಾಗುತ್ತಿಲ್ಲ ಅನ್ನಿಸುವುದು. ಇದು ಕಾಯಿಲೆಯಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಅಂತಲೂ ಅದೇ ಸಂಸ್ಥೆ ಹೇಳಿದೆ. ಹುಟ್ಟಿದ ಜಾಗದಲ್ಲಿ ಸರಿಮಾಡದೆ ನಿನ್ನೊಬ್ಬಳಿಗೆ ಯೋಗ, ಧ್ಯಾನ ಮಾಡು ಅಂದರೆ, ಕಾಲುವೆ ಒಡೆದಿರುವಾಗ ಗದ್ದೆಗೆ ಬೈದ ಹಾಗೆ.

ಕಾಲುವೆ ಅಂದಾಗ ಡ್ಯಾಮು ನೆನಪಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನು ಕಳಚಿ ಗೇಟು ಕೊಚ್ಚಿಹೋಯಿತಲ್ಲ, ಅವತ್ತು ನಮ್ಮ ಓಣಿಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಅಣೆಕಟ್ಟಿಗೆ ಆಗ ಸುಮಾರು 70 ವರ್ಷ, 33 ಗೇಟು. ಒಂದೊಂದು ಮಳೆಗಾಲವೂ ಆ ಚೈನು ತಡೆದುಕೊಂಡಿತ್ತು, ಹಾಗಾಗಿ ಇನ್ನೂ ತಡೆಯುತ್ತದೆ ಅಂದುಕೊಂಡಿದ್ದೆವು. ವಯಸ್ಸಾದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದು, ಹರಿಯುವ ನೀರಿನಲ್ಲೇ ತಡೆ ಇಳಿಸಿ, ಒಂದು ವಾರದೊಳಗೆ ನೀರು ನಿಲ್ಲಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಉಳಿದ ಗೇಟುಗಳನ್ನೂ ಬದಲಿಸಲೇಬೇಕು, ಅದಕ್ಕೆ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನವಾಯಿತು. ಸಿರುಗುಪ್ಪ, ಕುರುಗೋಡು ಕಡೆಯ ರೈತರಿಗೆ ಅದೆಂಥ ಪೆಟ್ಟು ಅಂತ ನಿನಗೆ ಗೊತ್ತು, ಬೈದರು, ಕೂಗಾಡಿದರು. ನಿಮ್ಮ ಮಾವನೂ ಬೈದ. ಬೈದು ಕೊನೆಗೆ, “ಒಂದು ಬೆಳೆ ಹೋಗ್ಲಿ, ಡ್ಯಾಮ್ ಉಳೀಲಿ” ಅಂದ.

ನಿನ್ನ ಸಂಸ್ಥೆಯ ಹಿರಿಯರು ಆಡಬೇಕಾದ ಮಾತು ಅದು. ಒಬ್ಬ ಹುಡುಗಿ ಕೆಲಸ ಬಿಟ್ಟುಹೋದ ಮೇಲೆ ಇನ್ನೊಬ್ಬಳನ್ನು ತಂದು ಕೂರಿಸುವುದು ಹರಿಯುವ ನೀರಿನಲ್ಲಿ ತಡೆ ಇಳಿಸಿದ ಹಾಗೆ. ಆ ವಾರಕ್ಕೆ ಸರಿ. ಉಳಿದ 32 ಗೇಟುಗಳನ್ನು ನೋಡುವುದು ಯಾವಾಗ? ವರ್ಷದಲ್ಲಿ ಒಂದು ಟಾರ್ಗೆಟ್ ಕಡಿಮೆಯಾದರೂ ಪರವಾಗಿಲ್ಲ, ಜನ ಉಳಿಯಲಿ ಅಂತ ಮೀಟಿಂಗಿನಲ್ಲಿ ಒಬ್ಬರಾದರೂ ಅನ್ನಬೇಕು.

ಅವರಿಗೂ ಕಷ್ಟವಿದೆ, ಅದನ್ನೂ ಅರ್ಥಮಾಡಿಕೋ. ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದ ಮೇಲೆ ಅಂಥ ಹಣದಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಪಾಲು ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ಮಕ್ಕಳ ಚೀಲಕ್ಕೆ, ಪುಸ್ತಕಕ್ಕೆ ಕೊಡುವವರು ಸಿಗುತ್ತಾರೆ. ಅದನ್ನು ಹೊತ್ತು ತಲುಪಿಸುವವಳ ಊಟಕ್ಕೆ, ರಜೆಗೆ, ಆಸ್ಪತ್ರೆ ಖರ್ಚಿಗೆ ಕೊಡುವವರು ಅಪರೂಪ. ಅದರ ಮೇಲೆ ‘ಸೇವೆ’ ಅನ್ನುವ ಪದವೊಂದಿದೆ, ಎಲ್ಲ ಬಾಯಿ ಮುಚ್ಚಿಸಲು. 2005ರಲ್ಲಿ ಶುರುವಾದ ಯೋಜನೆಯ ಆಶಾ ಅಕ್ಕಂದಿರನ್ನು ನೋಡು, ಅವರಿಗೆ ಸಂಬಳವಿಲ್ಲ, ಗೌರವಧನ, ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದು ತಿಂಗಳಿಗೆ ಖಾತ್ರಿಯಾದ ದುಡ್ಡು ಕೇಳಿದರು. ನಾನು ಅವರನ್ನು ಟಿವಿಯಲ್ಲಿ ನೋಡುತ್ತಾ, ನಾವು ನಮ್ಮ ಕಾಲದಲ್ಲಿ ಕೇಳಲೇ ಇಲ್ಲವಲ್ಲ ಅಂದುಕೊಂಡೆ. ಕೇಳುವುದಕ್ಕೆ ನಾಚಿಕೆಯಾಗುತ್ತಿತ್ತು. ನಿನಗೆ ಆ ನಾಚಿಕೆ ಬೇಡ.

ಏನು ಕೇಳಬೇಕು ಅಂದರೆ ನನಗೆ ತೋಚಿದ್ದು ಬರೆಯುತ್ತೇನೆ. ಇದನ್ನು ನಿಮ್ಮ ಸರ್‌ಗೂ ತೋರಿಸು, ಮುದುಕಿ ಬರೆದಿದ್ದಾಳೆ ಅನ್ನು.

ಮೊದಲನೆಯದು, ಪ್ರತಿ ಊರಿಗೂ ಎರಡು ಹೆಸರಿರಲಿ. ನಿನ್ನ ಊರುಗಳ ಮನೆ, ಜನ, ಅಂಗನವಾಡಿ ಟೀಚರ್, ಪಂಚಾಯಿತಿ ಪಿಡಿಒ ಎಲ್ಲರನ್ನೂ ಬಲ್ಲ ಇನ್ನೊಬ್ಬಳು ಇರಬೇಕು, ಅವಳ ಊರುಗಳನ್ನು ನೀನು ಬಲ್ಲವಳಾಗಬೇಕು. ಆಗ ಮಾತ್ರ ರಜೆ ರಜೆಯಾಗುತ್ತದೆ. ನೀರು ಕಡಿಮೆ ಇದ್ದಾಗ ಕಾಲುವೆಗೆ ‘ಆನ್ ಅಂಡ್ ಆಫ್’ ಮಾಡುತ್ತಾರಲ್ಲ, ಹತ್ತು ದಿನ ನಿನಗೆ, ಹತ್ತು ದಿನ ಅವನಿಗೆ ಅಂತ? ಸರದಿ ಇಲ್ಲದಿದ್ದರೆ ಮೇಲ್ಭಾಗದವರಿಗೂ ಕೆಳಭಾಗದವರಿಗೂ ಜಗಳ. ಕಾಲುವೆಯ ಕೊನೆಯಲ್ಲಿರುವ ರೈತನನ್ನು ಕೇಳಿದರೆ ಸರದಿಯ ಬೆಲೆ ಹೇಳುತ್ತಾನೆ.

ಎರಡನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾಡುತ್ತಾರೆ. ಮಿನಿಸ್ಟರುಗಳು ಬೆಂಗಳೂರಿನಲ್ಲಿ ಕೂತು ಬಳ್ಳಾರಿಯ ಬಿಸಿಲನ್ನು ಒಪ್ಪಿಕೊಂಡಿರುವಾಗ, ಬಳ್ಳಾರಿಯಲ್ಲೇ ಕೂತ ನಿಮ್ಮ ಸಂಸ್ಥೆ ಮಧ್ಯಾಹ್ನ ಮೂರಕ್ಕೆ ಸಿರುಗುಪ್ಪದ ಹಳ್ಳಿಯಲ್ಲಿ ಮೀಟಿಂಗ್ ಇಡುವುದು ಯಾವ ನ್ಯಾಯ?

ಮೂರನೆಯದು, ಮದುವೆ ನಿಲ್ಲಿಸಲು, ಹೊಡೆತ ತಿಂದ ಹೆಂಗಸಿನ ಮನೆಗೆ ಹೋಗಲು ಒಬ್ಬಳೇ ಹೋಗಬೇಡ. ಇಬ್ಬರು ಹೋದರೆ ಬರುವಾಗ ದಾರಿಯಲ್ಲಿ ಅಳಲು, ಬೈಯಲು, ಮಿರ್ಚಿ ತಿನ್ನಲು ಜೊತೆ ಇರುತ್ತದೆ. ಒಬ್ಬಳೇ ಹೋದರೆ ಆ ಮನೆಯ ಕೂಗು ನಿನ್ನ ರೂಮಿಗೂ ಬರುತ್ತದೆ.

ನಾಲ್ಕನೆಯದು, ತಿಂಗಳಿಗೊಂದು ಸಂಜೆ ರಿಪೋರ್ಟ್ ಇಲ್ಲದೆ ಕೂರಿ. ನಾವು ಬಳ್ಳಾರಿಯ ಕೋಟೆ ಗುಡ್ಡದ ತಪ್ಪಲಲ್ಲಿ ಮಂಡಾಳು ಒಗ್ಗರಣೆ ಕಟ್ಟಿಸಿಕೊಂಡು ಕೂರುತ್ತಿದ್ದೆವು. ಅಲ್ಲಿ ಒಂದೇ ಕಟ್ಟಳೆ: ಸಾಧಿಸಿದ್ದನ್ನು ಹೇಳಕೂಡದು, ಸೋತದ್ದನ್ನು ಹೇಳಬಹುದು. ಆ ಕೂಟದ ಫೋಟೊವನ್ನು ಯಾರಿಗೂ ಕಳಿಸಬೇಡಿ.

ಕಡೆಯದು, ಮುಂದಿನ ಪ್ರಾಜೆಕ್ಟ್ ಬರೆಯುವಾಗ ಬಜೆಟ್ಟಿನಲ್ಲಿ ಸಿಬ್ಬಂದಿಯ ಆರೋಗ್ಯಕ್ಕೆ, ಬದಲಿ ಕೆಲಸಗಾರರಿಗೆ ಒಂದು ಸಾಲು ಇರಲಿ. ಡೋನರ್ ಹೊಡೆದುಹಾಕಿದರೆ ಹಾಕಲಿ. ಆದರೆ ಹೊಡೆದುಹಾಕುವ ಕೆಲಸ ಅವರದ್ದಾಗಲಿ, ನಾವೇ ಮೊದಲೇ ಬಿಟ್ಟುಬಿಡುವುದು ಬೇಡ.

ಇಷ್ಟೆಲ್ಲ ಕೇಳಿಯೂ ನಿಮ್ಮಲ್ಲಿ ಏನೂ ಬದಲಾಗದಿದ್ದರೆ ಸಂಸ್ಥೆ ಬಿಡುವುದು ತಪ್ಪಲ್ಲ. ಜನರ ಕೆಲಸ ಮಾಡಲು ನೂರು ಬಾಗಿಲಿವೆ. ಒಂದು ಸಂಸ್ಥೆಗೆ ನಿಷ್ಠೆ ಅಂತ ನಿನ್ನ ಮೈ ಬತ್ತಿಸಿಕೊಂಡರೆ, ಹತ್ತು ವರ್ಷದ ಮೇಲೆ ನಿನ್ನಂಥವಳು ಬೇಕಾದ ಹಳ್ಳಿಗೆ ನೀನು ಉಳಿದಿರುವುದಿಲ್ಲ. ರಾತ್ರಿ ಹೊತ್ತು ಮನಸ್ಸು ತೀರಾ ಭಾರವಾದರೆ ಬೆಳಗಾಗಲಿ ಅಂತ ಕಾಯಬೇಡ. ನನಗೆ ಫೋನ್ ಮಾಡು, ಇಲ್ಲವೇ 14416ಕ್ಕೆ ಮಾಡು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಿಮ್ಹಾನ್ಸೇ. ಅದೇ ನಿಮ್ಹಾನ್ಸ್ ನಲವತ್ತು ವರ್ಷದ ಹಿಂದೆ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ನಡೆದುಬಂದು ಕೇಳಿದ ಪ್ರಶ್ನೆಗಳು ಇವತ್ತು ನಿನ್ನ ಫೋನಿನ ಆ ಬದಿಯಲ್ಲಿ ಕಾದಿವೆ.

ಯುಗಾದಿಗೆ ಬರುತ್ತೀಯಲ್ಲ? ಹೋಳಿಗೆಗೆ ಬೇಳೆ ಬೇಯಿಸುವುದು ನನ್ನ ಕೆಲಸ, ಹೂರಣ ರುಬ್ಬುವುದು ನಿನ್ನ ಅಮ್ಮನದು, ನಿನ್ನದು ಬರೀ ಮಲಗುವುದು. ಬರುವಾಗ ಫೋನನ್ನು ನಿನ್ನ ಜೊತೆಗಾರ್ತಿಯ ಕೈಗೆ ಕೊಟ್ಟು ಬಾ ಅನ್ನಲಾರೆ, ಕಾಲ ಹಾಗಿಲ್ಲ. ಆದರೆ ನಿನ್ನ ಕೆಲಸದ ವಾಟ್ಸಾಪ್ ಗ್ರೂಪುಗಳನ್ನು ಮೂರು ದಿನ ಅವಳು ನೋಡಿಕೊಳ್ಳಲಿ. ಅವಳ ಹಬ್ಬಕ್ಕೆ ಅವಳ ಗ್ರೂಪು ನೀನು ನೋಡಿಕೋ.

ಈಗ ನನ್ನ ಪ್ರಶ್ನೆಗಳು. ಹಳ್ಳಿಯ ಮನೆಗಳ ಬಾಗಿಲಲ್ಲಿ ನಿಂತು ನಾನು ಕೇಳುತ್ತಿದ್ದವೇ.

ನಿದ್ದೆ ಬರ್ತದಾ?
ಊಟ ಸೇರ್ತದಾ?
ಮೊದಲಿನ ಹಂಗೆ ಜನರ ಜೊತೆ ಮಾತಾಡ್ತೀಯಾ?
ಸುಮ್ಮಸುಮ್ಮನೆ ಸಿಟ್ಟು ಬರ್ತದಾ, ಅಳು ಬರ್ತದಾ?

ಒಂದೊಂದಕ್ಕೂ ಉತ್ತರ ಬರಿ. ವಾಟ್ಸಾಪಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸಿದರೆ ನಡೆಯುವುದಿಲ್ಲ. ‘ಕ್ಷೇಮ’ ಅಂತ ಒಂದೇ ಪದ ಬರೆದರೂ ನಡೆಯುವುದಿಲ್ಲ.

ಇತಿ,
ನಿನ್ನ ದೊಡ್ಡವ್ವ